ನೀರು, ಎಣ್ಣೆ ಎರಡೂ ಅಂಟದ ಲೇಪ: ಯಾವ ಕೆಲಸಕ್ಕೆ ಯಾವುದು

ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆ ತೆಗೆಯುವವರು, ಚಿಕ್ಕಬಳ್ಳಾಪುರದ ಕಡೆ ಗ್ರಾನೈಟ್ ಕೊಯ್ದು ಹೊಳಪು ಕೊಡುವವರು, ಗೌರಿಬಿದನೂರಿನ ಉಡುಪು ಘಟಕದವರು, ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾ ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು, ಇವರೆಲ್ಲ ಕೇಳುವ ಪ್ರಶ್ನೆ ಮೇಲ್ನೋಟಕ್ಕೆ ಒಂದೇ: ನೀರನ್ನೂ ಎಣ್ಣೆಯನ್ನೂ ಹತ್ತಿರ ಸೇರಿಸದ ಲೇಪ ಯಾವುದು, ಅದನ್ನು ಮಾಡಿಕೊಳ್ಳುವುದು ಹೇಗೆ? ಉತ್ತರ ಮಾತ್ರ ಒಬ್ಬೊಬ್ಬರಿಗೂ ಬೇರೆ. ಮಾರುವವರು ತೋರಿಸುವುದು ಹನಿಯೊಂದು ಮುತ್ತಿನ ಹಾಗೆ ಗುಂಡಗೆ ಕುಳಿತಿರುವ ಚಿತ್ರವನ್ನು. ಆರಿಸುವವರು ಕೇಳಬೇಕಾದದ್ದು ಆ ಹನಿ ಯಾವ ದ್ರವದ್ದು ಮತ್ತು ಆ ಮೇಲ್ಮೈಯನ್ನು ದಿನಕ್ಕೆ ಎಷ್ಟು ಸಲ ಉಜ್ಜಲಾಗುತ್ತದೆ ಎಂಬ ಎರಡು ಸಂಗತಿಗಳನ್ನು. ಇವೆರಡಕ್ಕೆ ಉತ್ತರ ಸಿಕ್ಕರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದಂತೆಯೇ.

ನೀರು ಸುಲಭ, ಎಣ್ಣೆ ಕಷ್ಟ

ಕೊಠಡಿಯ ಉಷ್ಣತೆಯಲ್ಲಿ ನೀರಿನ ಮೇಲ್ಮೈ ಎಳೆತ (ದ್ರವ ತನ್ನನ್ನು ಹನಿಯಾಗಿ ಬಿಗಿಹಿಡಿದುಕೊಳ್ಳುವ ಬಲ) ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅಡುಗೆ ಎಣ್ಣೆಗಳದ್ದು 30ರಿಂದ 35ರ ನಡುವೆ, ಡೀಸೆಲ್‌ನದು 30ಕ್ಕಿಂತ ತುಸು ಕಡಿಮೆ, ಮದ್ಯಸಾರದ್ದು 22ರ ಆಸುಪಾಸು. ಸೋಪು ಬೆರೆತ ನೀರು ಹೆಸರಿಗೆ ನೀರಾದರೂ ಈ ಲೆಕ್ಕದಲ್ಲಿ ಎಣ್ಣೆಯ ಪಂಕ್ತಿಯಲ್ಲೇ ಕೂರುತ್ತದೆ, ಮತ್ತು ಯಾವ ಎಣ್ಣೆಯೇ ಆಗಲಿ ಬಿಸಿ ಏರಿದಂತೆ ಅದರ ಎಳೆತ ಇನ್ನೂ ಇಳಿಯುತ್ತದೆ. ಘನ ಮೇಲ್ಮೈಯ ಶಕ್ತಿ (ದ್ರವವನ್ನು ತನ್ನ ಮೇಲೆ ಹರಡಿಸಿಕೊಳ್ಳುವ ಸೆಳೆತ) ದ್ರವದ ಎಳೆತಕ್ಕಿಂತ ಎಷ್ಟು ಕಡಿಮೆಯಿರುತ್ತದೋ ಹನಿ ಅಷ್ಟು ಗುಂಡಗೆ ನಿಲ್ಲುತ್ತದೆ ಎಂಬುದು ಸ್ಥೂಲವಾದ ನಿಯಮ. ಅದೇ ಅಳತೆಯಲ್ಲಿ ಮೇಣದ ಮೇಲ್ಮೈ ಶಕ್ತಿ 25ರ ಹತ್ತಿರ, ಸಿಲಿಕೋನಿನದು 20ಕ್ಕೆ ಸ್ವಲ್ಪ ಮೇಲೆ, ಟೆಫ್ಲಾನಿನದು 18ರಿಂದ 20, ಫ್ಲೋರಿನ್ ತುಂಬಿದ ಇಂಗಾಲದ ತುದಿಗಳು ಒತ್ತೊತ್ತಾಗಿ ನಿಂತ ಪದರದ್ದು ಸುಮಾರು 6. ನೀರಿಗೆ ಹೋಲಿಸಿದರೆ ಇವೆಲ್ಲವೂ ಬಹಳ ಕೆಳಗಿವೆ. ಎಣ್ಣೆಗೆ ಹೋಲಿಸಿದರೆ ಮೊದಲ ಮೂರಕ್ಕೂ ಎಣ್ಣೆಗೂ ಇರುವ ಅಂತರ ಬಹಳ ಕಿರಿದು.

ಈ ಅಂತರವನ್ನು ಮನೆಯಲ್ಲೇ ನೋಡಬಹುದು. ಕೆಸುವಿನ ಎಲೆಯ ಮೇಲೆ ನೀರು ಉರುಳಿ ಹೋಗುತ್ತದೆ, ಆದರೆ ಅದೇ ಎಲೆಯ ಮೇಲೆ ಒಂದು ತೊಟ್ಟು ಕಡಲೆಕಾಯಿ ಎಣ್ಣೆ ಬಿಟ್ಟರೆ ಅದು ಹರಡಿಕೊಂಡು ಎಲೆಗೆ ಇಳಿಯುತ್ತದೆ. ಎಲೆಯ ಮೇಣದ ಒರಟುತನ ನೀರಿನ ಹನಿಯ ಕೆಳಗೆ ಗಾಳಿಯನ್ನು ಹಿಡಿದಿಡುತ್ತದೆ. ಎಣ್ಣೆಯ ಸ್ಪರ್ಶ ಕೋನ (ಹನಿಯ ಅಂಚು ಮೇಲ್ಮೈಯನ್ನು ಮುಟ್ಟುವಲ್ಲಿ ಹನಿಯೊಳಗೆ ಮೂಡುವ ಕೋನ; ಹನಿ ಗುಂಡಗಾದಷ್ಟೂ ಅದು ಹೆಚ್ಚು) ಮೊದಲೇ 90 ಡಿಗ್ರಿಗಿಂತ ಕಡಿಮೆಯಾದ್ದರಿಂದ ಅದೇ ಒರಟುತನ ಎಣ್ಣೆಯನ್ನು ಒಳಗೆ ಹೀರಿಕೊಳ್ಳಲು ದಾರಿ ಮಾಡಿಕೊಡುತ್ತದೆ. ನಾನ್‌ಸ್ಟಿಕ್ ದೋಸೆ ಹಂಚಿನಲ್ಲಿ ಕಾಣುವುದು ಇನ್ನೊಂದು ಮಟ್ಟ: ಎಣ್ಣೆ ಪೂರ್ತಿ ಹರಡದೆ ಅಲ್ಲಲ್ಲಿ ಕೂಡಿಕೊಳ್ಳುತ್ತದೆ, ಆದರೆ ಉರುಳಿ ಹೋಗುವುದಿಲ್ಲ. ನಯವಾದ ಮೇಲ್ಮೈಯಲ್ಲಿ ಎಂಥ ರಾಸಾಯನಿಕ ಬಳಸಿದರೂ ನೀರಿನ ಕೋನ 120 ಡಿಗ್ರಿಯನ್ನು ಹೆಚ್ಚು ದಾಟುವುದಿಲ್ಲ, ಎಣ್ಣೆಯದು 90ನ್ನು ಮುಟ್ಟುವುದೇ ಕಷ್ಟ.

ಎಣ್ಣೆಯೂ ಉರುಳಿ ಹೋಗಬೇಕಾದರೆ ರಸಾಯನಶಾಸ್ತ್ರದ ಜೊತೆ ಆಕಾರವೂ ಬೇಕು. ಮೇಲ್ಮೈಯ ಸೂಕ್ಷ್ಮ ಉಬ್ಬುಗಳು ಅಣಬೆಯ ಕೊಡೆಯಂತೆ ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ, ಇಳಿಯಲು ಹೊರಟ ದ್ರವ ಕೊಡೆಯ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2007ರಲ್ಲಿ ಈ ವಿನ್ಯಾಸದ ತತ್ತ್ವವನ್ನು ಸ್ಪಷ್ಟವಾಗಿ ಮುಂದಿಟ್ಟರು. 2014ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಕೊಡೆಯ ಅಂಚನ್ನು ಮತ್ತೊಮ್ಮೆ ಕೆಳಕ್ಕೆ ಬಾಗಿಸಿ, ಯಾವ ರಾಸಾಯನಿಕ ಲೇಪವೂ ಇಲ್ಲದ ಬರೀ ಸಿಲಿಕಾದ ಮೇಲೆ ಎಲ್ಲ ದ್ರವಗಳೂ ನಿಲ್ಲುವಂತೆ ಮಾಡಿ ತೋರಿಸಿದರು. ಅಂಥ ಕೆತ್ತನೆಗೆ ಚಿಪ್ ತಯಾರಿಸುವಂಥ ಶುದ್ಧ ಕೊಠಡಿ ಬೇಕು. ನಮ್ಮ ಸಮೀಪದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಆ ಸೌಲಭ್ಯವಿದೆ. ಅಧ್ಯಯನಕ್ಕೆ ಅದು ಸರಿ. ಕಾರ್ಖಾನೆಯ ಲೆಕ್ಕಕ್ಕೆ ಅದನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಮಾಡಲು ಸಾಧ್ಯವಿರುವ ನಾಲ್ಕು ದಾರಿಗಳು

ಮೊದಲನೆಯದು ನಯವಾದ ಫ್ಲೋರಿನ್ ಪದರ. ಬಟ್ಟೆಗೆ, ಕಲ್ಲಿಗೆ, ಚರ್ಮಕ್ಕೆ ಅಂಗಡಿಯಲ್ಲಿ ಸಿಗುವ 'ನೀರು–ಎಣ್ಣೆ ನಿರೋಧಕ' ದ್ರಾವಣಗಳಲ್ಲಿ ಹೆಚ್ಚಿನವು ಈ ಜಾತಿಗೆ ಸೇರಿದವು. ಅದ್ದಬಹುದು, ಬಳಿಯಬಹುದು, ಬಿಸಿಯಲ್ಲಿ ಗಟ್ಟಿಗೊಳಿಸಬಹುದು. ಪದರ ತೆಳುವಾದ್ದರಿಂದ ಬಣ್ಣ, ಹೊಳಪು ಬದಲಾಗುವುದಿಲ್ಲ. ಹನಿ ಕುಣಿದು ಉರುಳುವ ದೃಶ್ಯ ಇಲ್ಲಿ ಕಾಣುವುದಿಲ್ಲ, ಆದರೆ ಒರೆಸುವವರೆಗೆ ದ್ರವ ಒಳಗೆ ಇಳಿಯದಂತೆ ತಡೆಯುವ ಕೆಲಸವನ್ನು ಇದು ಸದ್ದಿಲ್ಲದೆ ಮಾಡುತ್ತದೆ, ಮತ್ತು ಉಜ್ಜಿದರೆ ಕಳೆದುಕೊಳ್ಳಲು ಇದರಲ್ಲಿ ಸೂಕ್ಷ್ಮ ರಚನೆಯೆಂಬುದೇ ಇಲ್ಲ.

ಎರಡನೆಯದು ಒರಟುತನ ಮತ್ತು ಫ್ಲೋರಿನ್ ಕೂಡಿದ ಲೇಪ. ವಿದ್ಯಾರ್ಥಿಗಳನ್ನು ಹೆಚ್ಚು ಸೆಳೆಯುವುದು ಇದೇ. ನ್ಯಾನೊ ಗಾತ್ರದ ಸಿಲಿಕಾ ಪುಡಿಯನ್ನು ಮದ್ಯಸಾರದಲ್ಲಿ ಕಲಕಿ, ಫ್ಲೋರೊಸಿಲೇನ್ (ಕಣಕ್ಕೆ ಒಂದು ತುದಿಯಿಂದ ಅಂಟಿ, ಫ್ಲೋರಿನ್ ಇರುವ ತುದಿಯನ್ನು ಹೊರಗೆ ಚಾಚುವ ರಾಸಾಯನಿಕ) ಸೇರಿಸಿ, ಸ್ವಲ್ಪ ನೀರು ಮತ್ತು ಅಮೋನಿಯದಿಂದ ಅದು ಕಣಗಳಿಗೆ ಅಂಟುವಂತೆ ಮಾಡಿ, ಗಾಜು ಅಥವಾ ಲೋಹದ ಮೇಲೆ ಸಿಂಪಡಿಸಿ ಒಣಗಿಸಿದರೆ ನೀರು, ಎಣ್ಣೆ ಎರಡಕ್ಕೂ 150 ಡಿಗ್ರಿ ದಾಟುವ ಕೋನ ಸಿಗುವ ಸಾಧ್ಯತೆಯಿದೆ. ಕಣಗಳು ಒಂದರ ಮೇಲೊಂದು ಸೇರಿ ತಾವಾಗಿಯೇ ಆ ಕೊಡೆಯ ಆಕಾರಗಳನ್ನು ಕಟ್ಟಿಕೊಳ್ಳುತ್ತವೆ. ಜರ್ಮನಿಯ ಸಂಶೋಧಕರು 2012ರಲ್ಲಿ ಇದರ ಅತ್ಯಂತ ಚೆಲುವಾದ ರೂಪವನ್ನು ಪ್ರಕಟಿಸಿದರು: ಗಾಜನ್ನು ಮೇಣದ ಬತ್ತಿಯ ಜ್ವಾಲೆಗೆ ಹಿಡಿದು ಮಸಿ ಕೂರಿಸಿ, ಮಸಿಯ ಮೇಲೆ ಸಿಲಿಕಾದ ಚಿಪ್ಪು ಬೆಳೆಸಿ, 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಸಿಯನ್ನು ಸುಟ್ಟು ತೆಗೆದು, ಉಳಿದ ಪಾರದರ್ಶಕ ಜಾಲಕ್ಕೆ ಫ್ಲೋರೊಸಿಲೇನಿನ ಆವಿ ಕೊಡುವ ವಿಧಾನ ಅದು. ಕುಲುಮೆಯೊಂದಿದ್ದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಯತ್ನಿಸಬಹುದು, ಮತ್ತು ಫಲಿತಾಂಶ ನೋಡಿದವರೆಲ್ಲ ಬೆರಗಾಗುತ್ತಾರೆ.

ಬೆರಗು ಬೆರಳು ತಾಗುವವರೆಗೆ ಮಾತ್ರ. ಈ ಜಾತಿಯ ಲೇಪದ ಶಕ್ತಿಯೆಲ್ಲ ಕಣ್ಣಿಗೆ ಕಾಣದ ರಚನೆಯಲ್ಲಿದೆ. ಅದನ್ನು ಬಟ್ಟೆಯಿಂದ ಉಜ್ಜಿದರೆ ಕೊಡೆಗಳು ಮುರಿಯುತ್ತವೆ. ಮೊದಲು ಸೋಲುವುದು ಎಣ್ಣೆಯ ಪರೀಕ್ಷೆಯಲ್ಲಿ. ನೀರು ಇನ್ನೂ ಸ್ವಲ್ಪ ಕಾಲ ಉರುಳುತ್ತಿರುತ್ತದೆ, ಹಾಗಾಗಿ ಲೇಪ ಚೆನ್ನಾಗಿದೆಯೆಂದೇ ನೋಡುವವರು ತಿಳಿಯುತ್ತಾರೆ. ಕೆಳಗೆ ಅಂಟು ಬಳಿದು ಅದರ ಮೇಲೆ ಕಣಗಳನ್ನು ಕೂರಿಸುವುದು ಬಾಳಿಕೆ ಹೆಚ್ಚಿಸುವ ಒಂದು ಉಪಾಯ. 2015ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಟೈಟಾನಿಯಂ ಡೈಆಕ್ಸೈಡ್ ಕಣಗಳ ಬಣ್ಣವನ್ನು ಅಂಟಿನ ಮೇಲೆ ಬಳಿದು, ಉಜ್ಜಿದ ಮೇಲೂ ಅದು ನೀರನ್ನು ದೂಡುವುದನ್ನು ತೋರಿಸಿದರು. ಆ ಕೆಲಸವನ್ನು ಉದಾಹರಿಸುವವರು ಒಂದು ಮಾತನ್ನು ಬಿಟ್ಟುಬಿಡುವುದುಂಟು: ಎಣ್ಣೆ ಸೋಕಿದ ಮೇಲೂ ನೀರನ್ನು ದೂಡುವುದು ಆ ಬಣ್ಣದ ಹೆಗ್ಗಳಿಕೆ. ಎಣ್ಣೆಯನ್ನೇ ದೂಡುವುದು ಬೇರೆಯ ಗುಣ, ಅದಕ್ಕೆ ಬೇರೆಯ ಪರೀಕ್ಷೆ.

ಮೂರನೆಯದು ಎಣ್ಣೆ ಕುಡಿಸಿದ ಮೇಲ್ಮೈ. ಕೀಟಭಕ್ಷಕ ಹೂಜಿ ಗಿಡದ ಜಾರುವ ಅಂಚನ್ನು ಮಾದರಿಯಾಗಿಟ್ಟುಕೊಂಡು ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಇದನ್ನು ಪ್ರಕಟಿಸಿತು. ರಂಧ್ರಗಳಿರುವ ಪದರಕ್ಕೆ ಜಾರುವ ದ್ರವವೊಂದನ್ನು ತುಂಬಿದರೆ, ಹೊರಗಿನಿಂದ ಬಿದ್ದ ಹನಿ ಘನವನ್ನು ಮುಟ್ಟದೆ ಆ ದ್ರವದ ಮೇಲೆಯೇ ಜಾರಿ ಹೋಗುತ್ತದೆ. ಗೀರು ಬಿದ್ದರೂ ದ್ರವ ಹರಿದು ಬಂದು ಮುಚ್ಚಿಕೊಳ್ಳುತ್ತದೆ. ಷರತ್ತು ಒಂದೇ: ತುಂಬಿದ ದ್ರವವೂ ದೂಡಬೇಕಾದ ದ್ರವವೂ ಪರಸ್ಪರ ಬೆರೆಯಬಾರದು. ಫ್ಲೋರಿನ್ ಇರುವ ದುಬಾರಿ ಎಣ್ಣೆ ಬಹುತೇಕ ಯಾವುದರೊಂದಿಗೂ ಬೆರೆಯುವುದಿಲ್ಲ. ಅಗ್ಗದ ಸಿಲಿಕೋನ್ ಎಣ್ಣೆ ಪೆಟ್ರೋಲು, ಟಾಲ್ವೀನ್‌ಗಳಲ್ಲಿ ಕರಗಿ ಹೋಗುತ್ತದೆ. ಮುಚ್ಚಿದ ಕೊಳವೆಯೊಳಗೆ ಇದು ಸೊಗಸಾದ ಆಯ್ಕೆ. ನಮ್ಮ ಬಯಲುಸೀಮೆಯ ಬೇಸಿಗೆಯ ದೂಳಿಗೆ ತೆರೆದಿಟ್ಟರೆ ಒದ್ದೆ ಪದರ ದೂಳನ್ನು ಹಿಡಿದುಕೊಂಡು ಕೂರುತ್ತದೆ.

ನಾಲ್ಕನೆಯದಕ್ಕೆ ಸಿಗಬೇಕಾದಷ್ಟು ಗಮನ ನಮ್ಮ ಕಾಲೇಜುಗಳಲ್ಲಿ ಸಿಕ್ಕಿಲ್ಲವೆಂಬುದು ನನ್ನ ಅನಿಸಿಕೆ. ಸಿಲಿಕೋನಿನ ಬಳುಕುವ ಸರಪಳಿಗಳ ಒಂದು ತುದಿಯನ್ನು ಮಾತ್ರ ಗಾಜಿಗೆ ಬೆಸೆದು ಇನ್ನೊಂದು ತುದಿಯನ್ನು ಬಿಟ್ಟರೆ, ಆ ಕೆಲವೇ ನ್ಯಾನೊಮೀಟರ್ ದಪ್ಪದ ಪದರ ದ್ರವದಂತೆ ವರ್ತಿಸುತ್ತದೆ. 2016ರಲ್ಲಿ ಪ್ರಕಟವಾದ ವಿಧಾನ ಅಚ್ಚರಿ ಹುಟ್ಟಿಸುವಷ್ಟು ಸರಳ: ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಡೈಮೀಥೈಲ್‌ಡೈಮೆಥಾಕ್ಸಿಸಿಲೇನ್ ಮತ್ತು ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಬೆರೆಸಿ, ಸ್ವಚ್ಛವಾದ ಗಾಜನ್ನು ಅದ್ದಿ ತೆಗೆದು, ತೇವವಿರುವ ಗಾಳಿಯಲ್ಲಿ ಒಣಗಿಸಿ ತೊಳೆಯುವುದು. ಕುಲುಮೆ ಬೇಡ, ಫ್ಲೋರಿನ್ ಬೇಡ. ನೀರಿನ ಕೋನ 100ಕ್ಕೆ ಸ್ವಲ್ಪ ಮೇಲೆ, ಎಣ್ಣೆಯದು ಬಹಳ ಕಡಿಮೆ, ಚಿತ್ರ ತೆಗೆದರೆ ಯಾರಿಗೂ ಹಿಡಿಸುವುದಿಲ್ಲ. ಆದರೆ ಗಾಜನ್ನು ಸ್ವಲ್ಪ ವಾಲಿಸಿದರೆ ನೀರೂ ಎಣ್ಣೆಯೂ ಕಲೆ ಉಳಿಸದೆ ಜಾರಿ ಹೋಗುತ್ತವೆ. ಹನಿಯ ಮುಂಭಾಗದ ಕೋನಕ್ಕೂ ಹಿಂಭಾಗದ ಕೋನಕ್ಕೂ ಇರುವ ವ್ಯತ್ಯಾಸ ತೀರ ಕಡಿಮೆಯಿರುವುದೇ ಇದಕ್ಕೆ ಕಾರಣ, ಮತ್ತು ಹನಿ ಅಂಟುತ್ತದೋ ಜಾರುತ್ತದೋ ಎಂಬುದನ್ನು ನಿರ್ಧರಿಸುವುದು ಆ ವ್ಯತ್ಯಾಸ. ಮಿತಿಗಳೂ ಇವೆ: ಗಾಜು, ಸಿಲಿಕಾನ್, ಆಕ್ಸೈಡ್ ಪದರವಿರುವ ಲೋಹಗಳ ಮೇಲೆ ಇದು ನಿಲ್ಲುತ್ತದೆ, ಸಾಧಾರಣ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಕ್ಷಾರ ತಾಗಿದರೆ ಸರಪಳಿ ಕಳಚುತ್ತದೆ. ಮಾರ್ಚ್–ಏಪ್ರಿಲ್ ತಿಂಗಳ ಒಣ ಮಧ್ಯಾಹ್ನದಲ್ಲಿ ತೆರೆದ ಮೇಜಿನ ಮೇಲೆ ಮಾಡಿದರೆ ತೇವ ಸಾಲದೆ ಪದರ ಸರಿಯಾಗಿ ಬೆಳೆಯದೆ ಹೋದೀತು, ಆದ್ದರಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆ ಇಟ್ಟು ತೇವಮಾಪಕ ನೋಡಿಕೊಂಡು ಮಾಡುವುದು ಲೇಸು.

ಕಲ್ಲು, ತಟ್ಟೆ, ಗಾಣ, ಫಲಕ

ಗ್ರಾನೈಟಿನ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ: ಮೊದಲನೆಯ ದಾರಿ ಸಾಕು. ಹೊಳಪು ಕೊಟ್ಟ ಗ್ರಾನೈಟಿನಲ್ಲೂ ಕೂದಲೆಳೆಯ ಬಿರುಕುಗಳೂ ರಂಧ್ರಗಳೂ ಇರುತ್ತವೆ. ಅರಿಶಿನ ಬೆರೆತ ಒಗ್ಗರಣೆ ಎಣ್ಣೆ ರಾತ್ರಿಯಿಡೀ ನಿಂತರೆ ತಿಳಿ ಬಣ್ಣದ ಕಲ್ಲಿನಲ್ಲಿ ಕಪ್ಪು ಅಥವಾ ಹಳದಿ ಮಚ್ಚೆಯಾಗುತ್ತದೆ. ಒಳಗೆ ಇಳಿದು ರಂಧ್ರದ ಗೋಡೆಗೆ ಅಂಟುವ ಫ್ಲೋರಿನ್ ಸೀಲರ್ ಆ ಇಳಿಯುವಿಕೆಯನ್ನು ತಡೆಯುತ್ತದೆ, ಕಲ್ಲಿನೊಳಗಿನ ತೇವ ಆವಿಯಾಗಿ ಹೊರಬರಲೂ ಬಿಡುತ್ತದೆ. ಫ್ಲೋರಿನ್ ಇಲ್ಲದ, ಸಿಲಿಕಾನ್ ಆಧಾರಿತ ಸಿಲೇನ್ ಅಥವಾ ಸಿಲಾಕ್ಸೇನ್ ಸೀಲರ್ ನೀರನ್ನು ಮಾತ್ರ ತಡೆಯುತ್ತದೆ. ಅಂಗಳದ ಹಾಸುಗಲ್ಲಿಗೆ, ಮಾಲೂರಿನ ಹೆಂಚಿಗೆ, ಇಟ್ಟಿಗೆ ಗೋಡೆಗೆ ಅದೇ ಸರಿ, ಅಡುಗೆ ಕಟ್ಟೆಗೆ ಸಾಲದು. ದಿನವೂ ಒರೆಸುವ ಕಟ್ಟೆಗೆ ಒರಟು ಲೇಪ ಬಳಿಯುವವರು ಹಣವನ್ನು ಒರೆಸಿ ಹಾಕಿದಂತೆ. ಅಮೃತಶಿಲೆಯ ಮೇಲೆ ಹುಣಿಸೆ ಹುಳಿ, ನಿಂಬೆ ರಸ ಬಿದ್ದು ಹೊಳಪು ಹೋಗುವುದು ಬೇರೆಯ ತೊಂದರೆ. ಅಲ್ಲಿ ಆಮ್ಲ ಕಲ್ಲನ್ನೇ ತಿನ್ನುತ್ತದೆ, ಯಾವ ಸೀಲರೂ ಅದನ್ನು ಪೂರ್ತಿ ತಡೆಯುವುದಿಲ್ಲ. ಅಂಗಡಿಯವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಅಲ್ಲೇ ತಡೆದು ಕೇಳಬೇಕು.

ತಟ್ಟೆ, ಪೊಟ್ಟಣಗಳ ವಿಷಯದಲ್ಲಿ ಪ್ರಶ್ನೆಯನ್ನೇ ಬದಲಾಯಿಸಬೇಕಾಗುತ್ತದೆ. ಊಟದ ತಟ್ಟೆಯಿಂದ ಎಣ್ಣೆ ಉರುಳಿ ಹೋಗಬೇಕಾಗಿಲ್ಲ, ಊಟ ಮುಗಿಯುವವರೆಗೆ ಅದು ಕೆಳಗೆ ಸೋರದಿದ್ದರೆ ಸಾಕು. ಸೋರದಂತೆ ತಡೆಯುವುದಕ್ಕೆ ಫ್ಲೋರಿನ್ನೇ ಬೇಕೆಂದಿಲ್ಲ. ನಾರುಗಳನ್ನು ಚೆನ್ನಾಗಿ ಅರೆದು ಒತ್ತಿ ಮಾಡಿದ ಬಿಗಿಯಾದ ಕಾಗದ, ಪಿಷ್ಟ ಅಥವಾ ಪಾಲಿವಿನೈಲ್ ಆಲ್ಕೊಹಾಲಿನ ತೆಳುಪದರ ಎಣ್ಣೆಯನ್ನು ಚೆನ್ನಾಗಿಯೇ ತಡೆಯುತ್ತವೆ. ಅವುಗಳ ದೌರ್ಬಲ್ಯ ನೀರಿನ ಕಡೆಗಿದೆ, ಸಾರು ಬಡಿಸುವ ತಟ್ಟೆಗೆ ಹೊರಗೊಂದು ಮೇಣದ ಪದರ ಬೇಕಾಗಬಹುದು. ಡೆನ್ಮಾರ್ಕ್ ದೇಶ 2020ರಲ್ಲೇ ಆಹಾರ ಸೋಕುವ ಕಾಗದದಲ್ಲಿ ಈ ಫ್ಲೋರಿನ್ ಸಂಯುಕ್ತಗಳನ್ನು ನಿಷೇಧಿಸಿತು. ಅಮೆರಿಕದಲ್ಲಿ ಕಾಗದಕ್ಕೆ ಎಣ್ಣೆ ತಡೆಯಲು ಬಳಸುತ್ತಿದ್ದ ಇಂಥ ವಸ್ತುಗಳ ಮಾರಾಟ ನಿಂತಿದೆಯೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2024ರಲ್ಲಿ ತಿಳಿಸಿತು. ಗುಬ್ಬಿ, ತುರುವೇಕೆರೆ ಸೀಮೆಯ ಅಡಿಕೆ ಹಾಳೆ ತಟ್ಟೆಗೆ ಬಿಸಿ ಅಚ್ಚಿನ ಒತ್ತಡವೇ ಸಾಕು. 'ಇನ್ನೂ ಉತ್ತಮಪಡಿಸುತ್ತೇವೆ' ಎಂದು ಅದಕ್ಕೆ ಫ್ಲೋರಿನ್ ಲೇಪ ಸೂಚಿಸುವ ಯೋಜನೆಗಳು ಒಳ್ಳೆಯ ವಸ್ತುವನ್ನು ಕೆಡಿಸುವ ಯೋಜನೆಗಳು.

ಎಣ್ಣೆ ಗಾಣದ ತೊಟ್ಟಿಗೂ ಪೈಪಿಗೂ ಲೇಪ ಹಚ್ಚುವ ಆಸೆ ಸಹಜವಾದದ್ದು, ಏಕೆಂದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ, ಮಾಗಿಯ ಬೆಳಗ್ಗೆ ತಿಪಟೂರಿನಲ್ಲಿ ಅದು ಬೆಣ್ಣೆಯಂತೆ ಗೋಡೆ ಹಿಡಿದು ಕೂತಿರುತ್ತದೆ. ಗಟ್ಟಿಯಾದ ಕೊಬ್ಬಿಗೆ ಸ್ಪರ್ಶ ಕೋನದ ಲೆಕ್ಕ ಅನ್ವಯಿಸುವುದಿಲ್ಲ, ಅಲ್ಲದೆ ಉದುರಿದ ಲೇಪ ಎಣ್ಣೆಗೆ ಸೇರುವ ಭಯ ಇದ್ದೇ ಇದೆ. ಹೊಳಪಿನ ಸ್ಟೇನ್‌ಲೆಸ್ ಸ್ಟೀಲ್, ಹೊರಗಿನಿಂದ ಸ್ವಲ್ಪ ಬಿಸಿ, ಬಿಸಿನೀರಿನ ತೊಳೆತ, ಇವುಗಳ ಮುಂದೆ ಯಾವ ಲೇಪವೂ ಲಾಭವೆನಿಸುವುದಿಲ್ಲ.

ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ಹೆಸರು ಹೇಳಿ ಬರುವ ಪ್ರಾಜೆಕ್ಟುಗಳ ಬಗ್ಗೆ ಇಷ್ಟೇ: ಅಲ್ಲಿನ ಶತ್ರು ಒಣ ದೂಳು, ಎಣ್ಣೆಯಲ್ಲ. ಎಣ್ಣೆ ದೂಡುವ ಗುಣಕ್ಕಾಗಿ ಅಲ್ಲಿ ಖರ್ಚು ಮಾಡುವುದು ವ್ಯರ್ಥ.

ಉಡುಪಿನ ಸಂಗತಿ ಕೊಂಚ ಜಟಿಲ. ಯಂತ್ರಗಳ ನಡುವೆ ಕೆಲಸ ಮಾಡುವವರ ಸಮವಸ್ತ್ರಕ್ಕೆ ಗ್ರೀಸು, ಕತ್ತರಿಸುವ ಎಣ್ಣೆ ನಿಜವಾಗಿಯೂ ತಗಲುತ್ತವೆ. ಅಲ್ಲಿ ಫ್ಲೋರಿನ್ ಲೇಪಕ್ಕೆ ಸಮನಾದ ಬದಲಿ ಇನ್ನೂ ಇಲ್ಲ. ಮಳೆ ಅಂಗಿಗೆ, ಶಾಲಾ ಚೀಲಕ್ಕೆ ಸಿಲಿಕೋನ್ ಅಥವಾ ಮೇಣದ ಲೇಪವೇ ಸಾಕು. ರಫ್ತಿಗೆ ಹೊಲಿಯುವವರು ಯುರೋಪ್ ಒಕ್ಕೂಟ ಆರು ಇಂಗಾಲದ ಫ್ಲೋರಿನ್ ಸಂಯುಕ್ತಗಳ ಮೇಲೆ 2024ರಲ್ಲಿ ಅಂಗೀಕರಿಸಿದ ನಿರ್ಬಂಧವನ್ನು ಗಮನದಲ್ಲಿಟ್ಟುಕೊಂಡು, ಖರೀದಿದಾರರಿಂದ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ರಾಸಾಯನಿಕ ಆರಿಸಬೇಕು.

ಫ್ಲೋರಿನ್ ಎಂಬ ಸಾಲ

ಇಂಗಾಲ–ಫ್ಲೋರಿನ್ ಬೆಸುಗೆ ಸಾವಯವ ರಸಾಯನಶಾಸ್ತ್ರದ ಅತ್ಯಂತ ಗಟ್ಟಿಯಾದ ಬೆಸುಗೆಗಳಲ್ಲಿ ಒಂದು. ಲೇಪದ ಗುಣವೂ ಅದರಿಂದಲೇ, ಮಣ್ಣಿನಲ್ಲಿ, ನೀರಿನಲ್ಲಿ, ರಕ್ತದಲ್ಲಿ ವಿಘಟನೆಯಾಗದೆ ಉಳಿಯುವ ದೋಷವೂ ಅದರಿಂದಲೇ. ಎಂಟು ಇಂಗಾಲದ ಸಂಯುಕ್ತಗಳಲ್ಲಿ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ (ಪರಿಸರದಲ್ಲಿ ಬಹುಕಾಲ ಉಳಿಯುವ ಮಾಲಿನ್ಯಕಾರಕಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿದವು. ಉದ್ಯಮ ಆರು ಇಂಗಾಲದ ಸರಪಳಿಗೆ ಸರಿಯಿತು, ಆದರೆ ಗಿಡ್ಡ ಸರಪಳಿಗಳು ಒತ್ತಾಗಿ ಜೋಡಣೆಗೊಳ್ಳದೆ ದ್ರವ ತಗುಲಿದಾಗ ಅಲುಗಾಡುವುದರಿಂದ ಎಣ್ಣೆ ದೂಡುವ ಗುಣ ಇಳಿಯಿತು.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಭಾಗದ ಕೊಳವೆಬಾವಿಗಳ ಫ್ಲೋರೈಡ್ ಬಂಡೆಯ ಖನಿಜಗಳಿಂದ ಕರಗಿ ಬಂದದ್ದು. ಲೇಪದ ಫ್ಲೋರಿನ್ ಸಂಯುಕ್ತಗಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಷ್ಟು ಆಳದಿಂದ ನೀರೆತ್ತಿ ಬದುಕುವ ಸೀಮೆಯಲ್ಲಿ ಪ್ರಯೋಗಾಲಯದ ಉಳಿಕೆ ದ್ರಾವಣವನ್ನು ಮೋರಿಗೆ ಸುರಿದರೆ ಎರಡನೆಯ, ಇನ್ನೂ ಬಿಡಿಸಲಾಗದ ಕಲ್ಮಶವೊಂದನ್ನು ನಾವೇ ಸೇರಿಸಿದಂತೆ. ಉಳಿಕೆಯನ್ನು ಮುಚ್ಚಿದ ಡಬ್ಬಿಯಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವ ಅಧಿಕೃತ ಸಂಸ್ಥೆಗೇ ಕೊಡಬೇಕು. ಸಿಂಪಡಿಸುವಾಗ ಇನ್ನೊಂದು ಎಚ್ಚರ: ಇಂಥ ದ್ರಾವಣಗಳ ಸೂಕ್ಷ್ಮ ತುಂತುರು ಶ್ವಾಸಕೋಶಕ್ಕೆ ಹೋಗಿ ತೀವ್ರ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಆವಿ ಹೀರುವ ಗೂಡು ಇಲ್ಲದ ಕಡೆ ಸಿಂಪಡಿಸುವುದನ್ನು ಬಿಟ್ಟು ಅದ್ದುವ ಅಥವಾ ಬಳಿಯುವ ವಿಧಾನವನ್ನೇ ಹಿಡಿಯಬೇಕು.

ಪರೀಕ್ಷೆ ಹೇಗೆ

ಬಟ್ಟೆಯ ಎಣ್ಣೆ ನಿರೋಧಕ್ಕೆ ಐಎಸ್‌ಒ 14419 ಎಂಬ ಪ್ರಮಾಣಿತ ಪರೀಕ್ಷೆಯಿದೆ: ಎಳೆತ ಕ್ರಮವಾಗಿ ಇಳಿಯುತ್ತಾ ಹೋಗುವ ಎಂಟು ದ್ರವಗಳು, ಬಿಳಿ ಖನಿಜ ತೈಲ ಮೊದಲನೆಯದು, ಹೆಪ್ಟೇನ್ ಕೊನೆಯದು. 30 ಸೆಕೆಂಡಿನಲ್ಲಿ ಬಟ್ಟೆಗೆ ಇಳಿಯದೆ ನಿಂತ ಕೊನೆಯ ದ್ರವದ ಸಂಖ್ಯೆಯೇ ಆ ಬಟ್ಟೆಯ ಅಂಕ. ಮಾರುವವರು ಅಂಕ ಹೇಳದೆ ವೀಡಿಯೊ ತೋರಿಸಿದರೆ ಅಂಕ ಕೇಳುವುದು ಕೊಳ್ಳುವವರ ಹಕ್ಕು. ಎಷ್ಟು ಒಗೆತದ ನಂತರದ ಅಂಕ ಎಂಬುದನ್ನೂ ಕೇಳಬೇಕು. ಕಲ್ಲಿಗೆ ಇಷ್ಟೆಲ್ಲ ಬೇಡ. ಅದೇ ಕಲ್ಲಿನ ತುಂಡಿನ ಅರ್ಧಕ್ಕೆ ಸೀಲರ್ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಎರಡೂ ಕಡೆ ನೀರು ಮತ್ತು ಎಣ್ಣೆಯ ಹನಿಯಿಟ್ಟು, ಕಾಲು ಗಂಟೆಯ ನಂತರ ಒರೆಸಿ ನೋಡಿದರೆ ಕಪ್ಪಾದ ಗುರುತು ತಾನೇ ಉತ್ತರ ಹೇಳುತ್ತದೆ.

ಕಾಲೇಜಿನಲ್ಲಿ ಸ್ಪರ್ಶ ಕೋನ ಅಳೆಯುವ ಉಪಕರಣ ಇಲ್ಲದಿದ್ದರೆ, ಹನಿಯ ಹಿಂದಿನಿಂದ ಬೆಳಕು ಬಿಟ್ಟು, ಮೊಬೈಲಿಗೆ ಮ್ಯಾಕ್ರೊ ಲೆನ್ಸ್ ಹಾಕಿ ತೆಗೆದ ಚಿತ್ರವನ್ನು ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆಯಬಹುದು. ಹನಿಯ ಗಾತ್ರ ಎಲ್ಲ ಸಲವೂ ಒಂದೇ ಆಗಿರಬೇಕು. ಕೋನದ ಪಕ್ಕದಲ್ಲೇ ಜಾರುವ ಕೋನವನ್ನೂ (ಮೇಲ್ಮೈಯನ್ನು ಎಷ್ಟು ವಾಲಿಸಿದಾಗ ಹನಿ ಜಾರುತ್ತದೆ ಎಂಬುದನ್ನೂ) ಬರೆಯಬೇಕು, ಇಲ್ಲವಾದರೆ ನಾಲ್ಕನೆಯ ದಾರಿಯ ಲೇಪ ಕಾಗದದ ಮೇಲೆ ಅನ್ಯಾಯವಾಗಿ ಸೋಲುತ್ತದೆ. ಆಮೇಲೆ ಹತ್ತಿ ಬಟ್ಟೆ ಸುತ್ತಿದ ನಿಗದಿತ ತೂಕವನ್ನು ಲೇಪದ ಮೇಲೆ ಎಳೆದು, ಪ್ರತಿ ಕೆಲವು ಎಳೆತಗಳಿಗೊಮ್ಮೆ ಮತ್ತೆ ಅಳೆಯಬೇಕು. ಈ ಅಳತೆಗೆ ನೀರನ್ನು ಬಿಟ್ಟು ಕೊಬ್ಬರಿ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಬಳಸಿದರೆ ಲೇಪ ಸೋತ ಗಳಿಗೆ ತಡವಿಲ್ಲದೆ ಗೊತ್ತಾಗುತ್ತದೆ.